ಕಾಯುವ ಕೋಣೆಯಲ್ಲೊಂದು ಕರಪತ್ರ

ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದವರ ಸಂಘಟನೆಯೊಂದು 1974ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಗೆದ್ದದ್ದು ಹಣವನ್ನಲ್ಲ. ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಸರದಿಗಾಗಿ ಕಾದು ಕುಳಿತವರ ಕೈಗೆ ಕರಪತ್ರ ಕೊಡುವ ಹಕ್ಕನ್ನು.

ಕರಪತ್ರಕ್ಕೆ ಅಮೆರಿಕದ ಬೀದಿಯಲ್ಲಿ ಜಾಗ ಸಿಕ್ಕಿದ್ದು ಅದಕ್ಕೂ ಬಹಳ ಹಿಂದೆ. ಜಾರ್ಜಿಯಾದ ಗ್ರಿಫಿನ್ ಎಂಬ ಊರಿನಲ್ಲಿ ಅನುಮತಿಯಿಲ್ಲದೆ ಧಾರ್ಮಿಕ ಪತ್ರಿಕೆ ಹಂಚಿದ್ದಕ್ಕೆ ಆಲ್ಮಾ ಲೊವೆಲ್ ಎಂಬ ಮಹಿಳೆಗೆ 50 ಡಾಲರ್ ದಂಡ, ಕಟ್ಟದಿದ್ದರೆ 50 ದಿನ ಜೈಲು ಎಂದು ಶಿಕ್ಷೆಯಾಗಿತ್ತು. ಆ ಕಟ್ಟಳೆಯನ್ನು ಸುಪ್ರೀಂ ಕೋರ್ಟ್ 1938ರಲ್ಲಿ ರದ್ದು ಮಾಡಿತು. ಕರಪತ್ರದಿಂದ ಬೀದಿ ಕಸವಾಗುತ್ತದೆ ಎಂದು ಕೆಲವು ನಗರಗಳು ವಾದಿಸಿದವು. ಹಾಗಿದ್ದರೆ ಕಾಗದ ಎಸೆಯುವವರನ್ನು ಹಿಡಿಯಿರಿ, ಕೊಡುವವರನ್ನಲ್ಲ ಎಂದು 1939ರಲ್ಲಿ ಅದೇ ಕೋರ್ಟ್ ಹೇಳಿತು.

ಬೀದಿಯ ಮಾತು ಅಲ್ಲಿಗೆ ಮುಗಿಯಿತು. ಕಚೇರಿಯ ಬಾಗಿಲೊಳಗಿನ ಮಾತೇ ಬೇರೆ. ಅದನ್ನು ಎತ್ತಿದವರು ಬಡ ತಾಯಂದಿರು. ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದ ಜಾನಿ ಟಿಲ್ಮನ್ 1963ರಲ್ಲೇ ನೆರವು ಪಡೆಯುವ ತಾಯಂದಿರನ್ನು ಒಟ್ಟುಗೂಡಿಸಿದ್ದರು. 1966ರಲ್ಲಿ ಜಾರ್ಜ್ ವೈಲಿ ರಾಷ್ಟ್ರಮಟ್ಟದ ಸಂಘಟನೆಗೆ ಮುಂದಾದರು. ಮನೆಯಲ್ಲಿ ಗಂಡಸಿದ್ದಾನೆಂಬ ಕಾರಣಕ್ಕೇ ಮಕ್ಕಳ ನೆರವು ನಿಲ್ಲಿಸುತ್ತಿದ್ದ ಕಾಲ ಅದು. ಅಲಬಾಮಾದ ಅಂಥ ನಿಯಮ 1968ರಲ್ಲಿ ಬಿತ್ತು. ಅಹವಾಲು ಕೇಳದೆ ನೆರವು ಕಡಿಯಬಾರದೆಂಬ ತೀರ್ಪು 1970ರಲ್ಲಿ ಬಂತು. ಆದರೆ ತೀರ್ಪು ಬಂದಿದೆಯೆಂದು ಆ ಬೆಂಚಿನ ಮೇಲೆ ಕುಳಿತ ತಾಯಿಗೆ ಹೇಳುವವರು ಯಾರು? ಅವಳ ಅರ್ಜಿಯನ್ನು ನಿರಾಕರಿಸಬಲ್ಲ ಗುಮಾಸ್ತರೇ ಹೇಳಲಿ ಎಂದು ಕಾಯುವುದು ನ್ಯಾಯವಲ್ಲ. ಆಲ್ಬನಿಯ ಗೆಲುವು ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ.

ಮುಂದೆ ಗಾಳಿ ತಿರುಗಿತು. ಇಂಡಿಯಾನಾದ ಶಾಲಾ ಶಿಕ್ಷಕರ ಅಂಚೆಪೆಟ್ಟಿಗೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಕಾರಿ ಜಾಗಗಳನ್ನು ಬಗೆಬಗೆಯಾಗಿ ವಿಂಗಡಿಸಿತು. ಸಾರ್ವಜನಿಕ ಚರ್ಚೆಗೆ ಮೀಸಲಲ್ಲದ ಜಾಗವಾದರೆ, ನಿರ್ಬಂಧ ವಿವೇಚನೆಯಿಂದ ಕೂಡಿದ್ದು ಒಂದು ಅಭಿಪ್ರಾಯವನ್ನೇ ಹತ್ತಿಕ್ಕುವಂತಿರದಿದ್ದರೆ ಸಾಕು. 1992ರಲ್ಲಿ ಇಸ್ಕಾನ್ ಭಕ್ತರ ಪ್ರಕರಣದಲ್ಲಿ ನ್ಯೂಯಾರ್ಕ್ ಪ್ರದೇಶದ ವಿಮಾನ ನಿಲ್ದಾಣಗಳೂ ಅಂಥವೇ ಎಂದಾಯಿತು. ಅಲ್ಲಿ ಹಣ ಕೇಳುವುದಕ್ಕೆ ಇದ್ದ ನಿಷೇಧ ಉಳಿಯಿತು. ಆದರೂ ಕರಪತ್ರ ಹಂಚುವುದರ ಮೇಲಿನ ನಿಷೇಧ ಉಳಿಯಲಿಲ್ಲ. ಹಣ ಕೇಳಿದರೆ ಪ್ರಯಾಣಿಕ ನಿಲ್ಲಬೇಕಾಗುತ್ತದೆ, ಕಾಗದವನ್ನಾದರೆ ನಡೆಯುತ್ತಲೇ ಪಡೆದು ಬಿಡುವಾದಾಗ ಓದಬಹುದು ಎಂಬ ವ್ಯತ್ಯಾಸವನ್ನು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಎತ್ತಿ ತೋರಿದರು.

ಕಲ್ಯಾಣ ಕಚೇರಿಗೆ ಆ ಉದಾರತೆ ತಲುಪಲಿಲ್ಲ. 1996ರ ಕಾಯ್ದೆ ಕೇಂದ್ರದ ಹಣದ ನೆರವಿಗೆ ಸಾಮಾನ್ಯವಾಗಿ 60 ತಿಂಗಳ ಮಿತಿ ಹಾಕಿತು, ದುಡಿಮೆಯ ಷರತ್ತುಗಳನ್ನೂ ಬಿಗಿಗೊಳಿಸಿತು. ಮಾಹಿತಿ ಹಿಂದೆಂದಿಗಿಂತ ಬೇಕಾಗಿದ್ದ ಹೊತ್ತು. ಆಗಲೇ, 1997ರಲ್ಲಿ, ನೆಬ್ರಾಸ್ಕಾದ ಹೋರಾಟಗಾರರ ಗುಂಪೊಂದನ್ನು ಕಚೇರಿಯ ಮೊಗಸಾಲೆಯಿಂದ ಹೊರಗಿಟ್ಟದ್ದು ಸರಿಯೆಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ನೇರ ಸೇವೆ ಕೊಡುವ ಸಂಸ್ಥೆಗಳಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. 2004ರಲ್ಲಿ ಬ್ರೂಕ್ಲಿನ್‌ನ ಬುಷ್ವಿಕ್‌ ಮೂಲದ 'ಮೇಕ್ ದ ರೋಡ್ ಬೈ ವಾಕಿಂಗ್' ಸಂಸ್ಥೆಯ ಪ್ರಕರಣದಲ್ಲಿ, ಆಲ್ಬನಿಯವರಿಗೆ ಗೆಲುವು ಕೊಟ್ಟಿದ್ದ ಅದೇ ಮೇಲ್ಮನವಿ ನ್ಯಾಯಾಲಯ ನ್ಯೂಯಾರ್ಕ್ ನಗರದ ಕಚೇರಿಗಳ ಕಾಯುವ ಕೋಣೆ ಸಾರ್ವಜನಿಕ ವೇದಿಕೆಯಲ್ಲ ಎಂದಿತು.

ಹೊರಗಿನ ಪಾದಚಾರಿ ಹಾದಿಯಲ್ಲಿ ಹಂಚುವ ಹಕ್ಕು ಹಾಗೇ ಇದೆ, ನಿಜ. ಆದರೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಸರದಿ ತಪ್ಪೀತೆಂದು ಒಳಗೆ ಧಾವಿಸುವವಳಿಗೆ ಓದಲು ಬಿಡುವಾಗುವುದು ಬೆಂಚಿನ ಮೇಲೆ ಕೂತಾಗಲೇ. ವಿಮಾನ ಹಿಡಿಯಲು ಓಡುವವರ ಕೈಗೆ ಕೊಡಬಹುದಾದ ಕಾಗದವನ್ನು ಗಂಟೆಗಟ್ಟಲೆ ಕಾಯುವ ಅವಳಿಗೇಕೆ ಕೊಡಬಾರದು ಎಂಬುದಕ್ಕೆ ಆ ತೀರ್ಪುಗಳಲ್ಲಿ ನನಗೆ ಒಪ್ಪುವಂಥ ಉತ್ತರ ಸಿಗುವುದಿಲ್ಲ.