ಹಿಂದಿನ ಶಾಕ್ ಬದಲಾದರೆ ಮುಂದಿನ ಹ್ಯಾಂಡಲ್ಲೂ ಬದಲು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ ಎಂಜಿನ್‌ಗಾಗಿ ಊರೂರು ಅಲೆದು ಅಸಲಿ ಬಿಡಿಭಾಗ ಹುಡುಕುವವರಿದ್ದಾರೆ. ಅದೇ ಜನ ಹಿಂದಿನ ಶಾಕ್ ಅಬ್ಸಾರ್ಬರ್ ಸವೆದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳುವುದುಂಟು. ಬೋಲ್ಟ್ ಕೂತರೆ ಸಾಕು, ತುಸು ಉದ್ದವಿದ್ದರೆ ಗಾಡಿ ಎತ್ತರವಾಗಿ ಚೆಂದ ಕಾಣುತ್ತದೆ ಎಂಬ ಲೆಕ್ಕ. ಆದರೆ ಸವಾರನ ಸೊಂಟ ಕಾಯುವ ಆ ಜೋಡಿ ಶಾಕ್‌ಗಳೇ ಬೈಕು ತಿರುವಿನಲ್ಲಿ ಹೇಗೆ ವರ್ತಿಸಬೇಕೆಂಬುದನ್ನೂ ನಿರ್ಧರಿಸುತ್ತವೆ.

ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಪುರಾವೆ ಇದೆ. ಎರಡನೇ ಮಹಾಯುದ್ಧದ ಕಾಲದವರೆಗೂ ಹೆಚ್ಚಿನ ಬೈಕುಗಳ ಹಿಂಚಕ್ರ ನೇರವಾಗಿ ಚಾಸಿಗೇ ಬಿಗಿದಿರುತ್ತಿತ್ತು. ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ 1940ರ ದಶಕದಲ್ಲಿ ಅಂಥ ಬೈಕುಗಳಿಗೆ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದು ಮೇಲೆ-ಕೆಳಗೆ ಆಡುವ ತೋಳು) ಮತ್ತು ಎಣ್ಣೆ ತುಂಬಿದ ಶಾಕ್‌ಗಳನ್ನು ಕೂರಿಸಿ ನೋಡಿದರು. ಆ ಪ್ರಯೋಗವೇ ಬೆಳೆದು ನಾರ್ಟನ್ ಕಂಪನಿಯ ಫೆದರ್‌ಬೆಡ್ ಚಾಸಿಯಾಯಿತು. 1950ರ ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಸೀನಿಯರ್, ಜೂನಿಯರ್ ಎರಡೂ ಸ್ಪರ್ಧೆಗಳ ಮೊದಲ ಮೂರು ಸ್ಥಾನಗಳು ನಾರ್ಟನ್ ಪಾಲಾದವು. ಅದರ ಎಂಜಿನ್ ಹಳೆಯ ಕಾಲದ ಒಂಟಿ ಸಿಲಿಂಡರಿನದು. ಗೆಲುವಿನಲ್ಲಿ ದೊಡ್ಡ ಪಾಲು ಚಾಸಿಯದು.

ಶಾಕ್ ಒಳಗೆ ಎರಡು ಕೆಲಸಗಳು ನಡೆಯುತ್ತವೆ. ಸ್ಪ್ರಿಂಗ್ ಭಾರ ಹೊರುತ್ತದೆ, ಗುಂಡಿಯ ಹೊಡೆತವನ್ನು ತನ್ನೊಳಗೆ ಹಿಡಿದಿಡುತ್ತದೆ. ಹಿಡಿದದ್ದನ್ನು ಅದು ಮರಳಿಸಲೇಬೇಕು. ಹಾಗೆ ಮರಳುವ ಶಕ್ತಿಯನ್ನು ತಡೆಯುವುದು ಡ್ಯಾಂಪರ್. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುವಾಗ ಆ ಶಕ್ತಿ ಶಾಖವಾಗಿ ಕರಗುತ್ತದೆ. ಎಣ್ಣೆ ಸೋರಿದ ಶಾಕ್‌ನಲ್ಲಿ ಸ್ಪ್ರಿಂಗ್ ಮಾತ್ರ ಉಳಿಯುತ್ತದೆ. ತಿರುವಿನಲ್ಲಿ ಬೈಕಿನ ಹಿಂಭಾಗ ದೋಣಿಯಂತೆ ಓಲಾಡುವುದು ಆಗಲೇ. ಇದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕುವುದು ಪರಿಹಾರವಲ್ಲ. ಅತಿ ಗಟ್ಟಿಯಾದರೆ ಉಬ್ಬುತಗ್ಗಿನ ಮೇಲೆ ಚಕ್ರ ನೆಲ ಬಿಟ್ಟು ಹಾರುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ.

ಇನ್ನು ಉದ್ದದ ವಿಷಯ. ಮುಂದಿನ ಫೋರ್ಕ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಓಡುವ ಬೈಕಿನ ಮುಂಚಕ್ರ ತಾನಾಗಿ ನೇರಕ್ಕೆ ಬರುವುದರಲ್ಲಿ ಇದರ ಪಾತ್ರ ದೊಡ್ಡದು. ಎರಡು ಚಕ್ರಗಳ ನಡುವೆ 1,300 ಮಿಲಿಮೀಟರ್ ಅಂತರವಿರುವ ಬೈಕಿನ ಹಿಂಭಾಗವನ್ನು 25 ಮಿಲಿಮೀಟರ್ ಎತ್ತಿದರೆ ಇಡೀ ಚಾಸಿ ಸುಮಾರು 1.1 ಡಿಗ್ರಿ ಮುಂದಕ್ಕೆ ವಾಲುತ್ತದೆ. ಫೋರ್ಕ್ ಅಷ್ಟು ಕಡಿದಾಗುತ್ತದೆ, ಟ್ರೇಲ್ 6–7 ಮಿಲಿಮೀಟರ್ ಕುಗ್ಗುತ್ತದೆ. ಬೈಕು ಚುರುಕಾಗಿ ತಿರುಗುತ್ತದೆ ನಿಜ, ಆದರೆ ಹೆದ್ದಾರಿಯ ವೇಗದಲ್ಲಿ ಹ್ಯಾಂಡಲ್ ಹಗುರಾಗಿ ಅದುರುವ ಸಂಭವವೂ ಹೆಚ್ಚುತ್ತದೆ. ಶಾಕ್ ಗಿಡ್ಡವಾದರೆ ಫಲ ತಿರುಗುಮುರುಗು: ನೇರ ರಸ್ತೆಯಲ್ಲಿ ನೆಮ್ಮದಿ, ತಿರುವಿನಲ್ಲಿ ಮೊಂಡುತನ.

ತಿರುವಿನಲ್ಲಿ ಬೈಕು ವಾಲಿದಾಗ ಸಸ್ಪೆನ್ಷನ್ ಮೇಲಿನ ಹೊರೆಯೂ ಏರುತ್ತದೆ. 30 ಡಿಗ್ರಿ ವಾಲಿದರೆ ಸುಮಾರು ಶೇ 15ರಷ್ಟು, 45 ಡಿಗ್ರಿಗೆ ಶೇ 41ರಷ್ಟು. ಸ್ಪ್ರಿಂಗ್ ಸೋತಿದ್ದರೆ ಹಿಂಭಾಗ ಆಗಲೇ ಕುಸಿದು ಬೈಕು ರಸ್ತೆಯ ಹೊರಅಂಚಿಗೆ ಎಳೆಯುತ್ತದೆ. ಹಿಂದೆ ಇನ್ನೊಬ್ಬರು ಕೂತರಂತೂ ಲೆಕ್ಕವೇ ಬೇರೆ. ಇಂಗ್ಲೆಂಡಿನ ವೆಲೋಸೆಟ್ ಕಂಪನಿ ಇದಕ್ಕೆ ಸೊಗಸಾದ ಉಪಾಯ ಕಂಡುಕೊಂಡಿತ್ತು. ಶಾಕ್‌ನ ಮೇಲ್ತುದಿಯನ್ನು ಕಮಾನಿನಾಕಾರದ ಸೀಳಿನಲ್ಲಿ ಸರಿಸಿ ಬಿಗಿಯಬಹುದಿತ್ತು. ಮುಂದಕ್ಕೆ ವಾಲಿಸಿದರೆ ಮೆದು, ನೆಟ್ಟಗೆ ನಿಲ್ಲಿಸಿದರೆ ಗಟ್ಟಿ. ಸ್ಪ್ರಿಂಗ್ ಅದೇ, ಅದು ಕೆಲಸ ಮಾಡುವ ಕೋನ ಮಾತ್ರ ಬೇರೆ.

ಹಳೆಯ ಬೈಕಿನ ಶಾಕ್ ಬದಲಿಸುವ ಮುನ್ನ ಸ್ವಿಂಗ್ ಆರ್ಮ್ ಬುಷ್ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿ; ಬುಷ್ ಸವೆದಿದ್ದರೆ ಎಷ್ಟೇ ದುಬಾರಿ ಶಾಕ್ ಹಾಕಿದರೂ ಓಲಾಟ ನಿಲ್ಲದು. ಹಳೆಯ ಶಾಕ್‌ನ ಎರಡು ಬೋಲ್ಟ್‌ಗಳ ನಡುವಿನ ಅಳತೆ ಬರೆದಿಟ್ಟುಕೊಳ್ಳಿ, ಹೊಸದೂ ಅಷ್ಟೇ ಇರಲಿ. ಹೊಸ ಶಾಕ್ ಕೂರಿಸಿ ಸವಾರ ಕೂತಾಗ, ಚಕ್ರದ ಒಟ್ಟು ಮೇಲು-ಕೆಳಗಿನ ಚಲನೆಯಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಹಿಂಭಾಗ ಇಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿ, ಹೆಚ್ಚಾದರೆ ಮೆದು. ಉದ್ದ ಹೆಚ್ಚಿಸಲೇಬೇಕೆಂದರೆ ಚೈನ್ ಸ್ವಿಂಗ್ ಆರ್ಮ್‌ಗೆ ಉಜ್ಜುತ್ತಿದೆಯೇ, ಸ್ಟ್ಯಾಂಡ್ ಮೇಲೆ ಬೈಕು ಭದ್ರವಾಗಿ ನಿಲ್ಲುತ್ತದೆಯೇ ಎಂದೂ ಪರೀಕ್ಷಿಸಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪರಿಚಿತ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ.

ಹಳೆಯ ಬೈಕಿನ ಹಿಂಭಾಗವನ್ನು ಅಂದಕ್ಕಾಗಿ ಎತ್ತಬೇಡಿ. ಮೂಲ ಅಳತೆಯ, ನಿಮ್ಮ ತೂಕಕ್ಕೆ ಹೊಂದುವ, ಎಣ್ಣೆ ಸೋರದ ಒಂದು ಜೊತೆ ಶಾಕ್ ಹಾಕಿಸಿ. ಹೆಚ್ಚಿನ ಬೈಕುಗಳಿಗೆ ಬೇಕಾದ ಸುಧಾರಣೆ ಅಷ್ಟೇ.