ಟ್ರಂಕಿನಿಂದ ಪಡಸಾಲೆಗೆ ಬಂದ ಕೆಂಪು

ಇಳಕಲ್ಲಿನ ಆ ಹಳೆಯ ಮನೆಯ ಪಡಸಾಲೆಯಲ್ಲಿ ಕಣ್ಣು ಮೊದಲು ಹೋಗುವುದು ತೊಲೆಯ ಕೆಳಗಿನ ಗಳಕ್ಕೆ. ಅದರ ಮೇಲೆ ಸಾಲಾಗಿ ಇಳಿಬಿಟ್ಟ ಇಳಕಲ್ ಸೀರೆಗಳು. ಒಡಲಿನ ಬಣ್ಣ ಬೇರೆ ಬೇರೆ: ಚಂದ್ರಕಾಳಿಯ ಕಪ್ಪು, ಗಿಳಿಹಸಿರು, ನವಿಲುಬಣ್ಣ. ಸೆರಗು ಮಾತ್ರ ಎಲ್ಲದರದೂ ಕೆಂಪು. ಪಕ್ಕದ ಮಾಡದಲ್ಲಿ ತ್ರಿಕೋನವಾಗಿ ಮಡಚಿಟ್ಟ ಗುಳೇದಗುಡ್ಡದ ಕುಪ್ಪಸದ ಖಣಗಳು, ಅವೂ ಕೆಂಪೇ.

“ಅತ್ತಿ ಟ್ರಂಕಿನ್ಯಾಗ ಇದ್ದವು ಯವ್ವಾ. ಕತ್ತಲದಾಗ ಯಾಕ ಕೊಳೀಬೇಕು ಅಂತ ಹೊರಗ ತಗದೆ” ಎನ್ನುತ್ತಾರೆ ಮನೆಯ ಹಿರಿಯಮ್ಮ. ಒಂದೇ ಬಣ್ಣ ಹಿಡಿದು ಜೋಡಿಸಿದ್ದರಿಂದ ನೇಯ್ಗೆಯ ವ್ಯತ್ಯಾಸಗಳು ತಾವಾಗಿಯೇ ಎದ್ದು ಕಾಣುತ್ತವೆ.

ಅವರು ತೋರಿಸಿದ್ದು ಸೆರಗನ್ನೇ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಅಂಚಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಇದು ತೋಪು ತೆನೆ ಸೆರಗು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ಸಿದ್ಧಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದು ಸೀರೆಗೆ ಒಂದೇ ಹಾಸು. ಆರು, ಎಂಟು, ಒಂಬತ್ತು ಗಜ ಎಷ್ಟೇ ಇರಲಿ, ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕೊಂಡಿ. ಹಳೆಯ ಸೀರೆಯಲ್ಲಿ ಹತ್ತಿ ಮತ್ತು ರೇಷ್ಮೆ ಸೇರುವಲ್ಲಿ ಬೆರಳಾಡಿಸಿದರೆ ಆ ಕೂಡಿಕೆ ಕೈಗೆ ಸಿಗುತ್ತದೆ. ದಡಿಗೂ ಹೆಸರುಗಳಿವೆ: ಗೋಮಿ, ಚಿಕ್ಕಿ ಪರಾಸ.

ಇಲ್ಲಿನ ನೇಕಾರಿಕೆ 8ನೇ ಶತಮಾನದಿಂದ ಬಂದದ್ದೆಂದು ಸೀರೆಯ ಪರಿಚಯ ಬರಹಗಳು ಹೇಳುತ್ತವೆ. ಮೊದಲು ಹುನಗುಂದ ತಾಲ್ಲೂಕಿನ ಪಟ್ಟಣವಾಗಿದ್ದ ಇಳಕಲ್ ಈಗ ತಾನೇ ತಾಲ್ಲೂಕು ಕೇಂದ್ರ. ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ.

ಇಂಥ ಹಳೆಯ ಸೀರೆಗಳನ್ನು ಹುಡುಕಬೇಕಾದದ್ದು ಅಂಗಡಿಯಲ್ಲಲ್ಲ, ನೆಂಟರ ಮನೆಯ ಟ್ರಂಕುಗಳಲ್ಲಿ. ಒಡಲು ಹರಿದಿದ್ದರೂ ಎಷ್ಟೋ ಸೀರೆಗಳ ಸೆರಗು ಗಟ್ಟಿಯಿರುತ್ತದೆ. ಕೌದಿಯೊಳಗೆ ಹೊಲಿದುಹೋದ ತುಂಡುಗಳೂ ಸಿಗುತ್ತವೆ. ಆ ಕೌದಿಯನ್ನು ಬಿಚ್ಚದೆ ಹಾಗೆಯೇ ಗೋಡೆಗೆ ಹಾಕುವುದು ಚೆಂದ. ನೇರ ಬಿಸಿಲು ಬೀಳದ ಗೋಡೆ ಬೇಕು, ಮೊಳೆ ಹೊಡೆಯಬಾರದು. ಬಹಳ ದಿನ ಒಂದೇ ಸಮನೆ ತೂಗಿದರೆ ಎಳೆಗಳು ಜಗ್ಗುತ್ತವೆ. ಆದ್ದರಿಂದ ಈ ಮನೆಯಲ್ಲಿ ಸರದಿಯ ಮೇಲೆ ಇಳಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಮಡಿಕೆ ಬದಲಿಸಿ ಇಡುತ್ತಾರೆ.

ಆದರೆ ಇಂಥ ಹಳೆಯ ಮನೆಗಳು ಎಲ್ಲರಿಗೂ ಉಳಿದಿಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆಗಳು ಬಿದ್ದು, ಜನ ನವನಗರಕ್ಕೆ ಹೋದರು. ಹೊಸ ಮನೆಗಳಲ್ಲಿ ತೊಲೆಯೂ ಇಲ್ಲ, ಮಾಡವೂ ಇಲ್ಲ. ಹಳೆಯ ಸೀರೆ ಹಾಕಿ ಸ್ಟೀಲ್ ಪಾತ್ರೆ ತಗೊಂಡವರೂ ಉಂಟು. ಇತ್ತ ಪವರ್‌ಲೂಮಿನ ಅಗ್ಗದ ಸೀರೆಯ ಎದುರು ಕೊಂಡಿ ಹಾಕುವ ಕೈಗೆ ತಕ್ಕ ಕೂಲಿ ಸಿಗುತ್ತಿಲ್ಲ. ಗೋಡೆಯ ಮೇಲಿನ ಸೆರಗು ಮಗ್ಗವನ್ನು ಉಳಿಸಲಾರದು. ಆದರೆ ಆ ಕೆಲಸ ಎಂಥದ್ದೆಂದು ಮನೆಯ ಮಕ್ಕಳಿಗೆ ದಿನವೂ ತೋರಿಸಬಲ್ಲದು. ಯಾವ ಸೀರೆ ಯಾರ ಮದುವೆಯದು, ಯಾವುದು ಯಾರ ಸೀಮಂತದ್ದು ಎಂದು ಹೇಳಬಲ್ಲ ಅವ್ವಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಟ್ರಂಕಿನ ಕೀಲಿ ಕೇಳಿಕೊಳ್ಳಬೇಕು.