ಚಳವಳಿ ಮುಗಿದ ಮೇಲೆ ಒಳನಾಡಿನ ಪಾಡು

ಅರಬ್ ದೇಶಗಳ ಜನಾಂದೋಲನಗಳನ್ನು ಸರ್ವಾಧಿಕಾರದ ವಿರುದ್ಧದ ಹೋರಾಟವೆಂದೇ ಸಾಮಾನ್ಯವಾಗಿ ವಿವರಿಸಲಾಗುತ್ತದೆಯಾದರೂ, ಟುನೀಸಿಯದ ಮಟ್ಟಿಗೆ ಅದು ಸಮೃದ್ಧ ಕರಾವಳಿಯ ವಿರುದ್ಧ ಬಡ ಒಳನಾಡು ಎತ್ತಿದ ದನಿಯೂ ಆಗಿತ್ತು. 2010ರ ಡಿಸೆಂಬರ್‌ನಲ್ಲಿ ಕಿಡಿ ಹೊತ್ತಿದ್ದು ರಾಜಧಾನಿಯಲ್ಲಲ್ಲ, ಸಿದಿ ಬೂಝಿದ್ ಎಂಬ ಒಳನಾಡಿನ ಪಟ್ಟಣದಲ್ಲಿ. ಮರುತಿಂಗಳೇ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ ಮೇಲೆ, 2014ರ ಜನವರಿಯಲ್ಲಿ ಅಂಗೀಕಾರವಾದ ಸಂವಿಧಾನವು ಪ್ರದೇಶಗಳ ನಡುವೆ ಸಮತೋಲ ತರುವ ಹೊಣೆಯನ್ನು ಪ್ರಭುತ್ವಕ್ಕೆ ಒಪ್ಪಿಸಿತು. ಅದಾಗಿ ತಿಂಗಳು ತುಂಬುವುದರೊಳಗೆ ಭಾರತದ ಸಂಸತ್ತು ಆಂಧ್ರಪ್ರದೇಶ ಪುನರ್ವಿಂಗಡಣಾ ಕಾಯ್ದೆಯನ್ನು ಅಂಗೀಕರಿಸಿ, ಅಲ್ಲಿನ ಹಿಂದುಳಿದ ಒಳನಾಡಾದ ರಾಯಲಸೀಮೆಗೆ ವಿಶೇಷ ಅಭಿವೃದ್ಧಿ ನೆರವಿನ ಮಾತು ಕೊಟ್ಟಿತು.

ಹಿಂದೂಪುರ ಮತ್ತು ಕಲ್ಯಾಣದುರ್ಗ ಈ ರಾಯಲಸೀಮೆಯ, ಕನ್ನಡ ತೆಲುಗುಗಳೆರಡೂ ಕಿವಿಗೆ ಬೀಳುವ ಗಡಿಸೀಮೆಯ ಊರುಗಳು. ಕರಾವಳಿಯ ಬಗೆಗಿನ ಶಂಕೆ ಇಲ್ಲಿ ಬಹಳ ಹಳೆಯದು. ಪ್ರತ್ಯೇಕ ಆಂಧ್ರ ರಾಜ್ಯವಾದರೆ ಕೃಷ್ಣಾ ಗೋದಾವರಿ ಬಯಲಿನ ಸಿರಿವಂತ ಜಿಲ್ಲೆಗಳು ತಮ್ಮನ್ನು ನುಂಗಿಬಿಟ್ಟಾವೆಂಬ ಸೀಮೆಯವರ ಅಂಜಿಕೆಯನ್ನು ಕಳೆಯಲೆಂದೇ 1937ರ ನವೆಂಬರ್ 16ರಂದು ಮದರಾಸಿನಲ್ಲಿ ಶ್ರೀಬಾಗ್ ಒಪ್ಪಂದವಾಯಿತು. ರಾಜಧಾನಿ, ಹೈಕೋರ್ಟುಗಳಲ್ಲಿ ಒಂದು ರಾಯಲಸೀಮೆಗೆ, ನೀರಾವರಿಯಲ್ಲಿಯೂ ಅದಕ್ಕೇ ಆದ್ಯತೆ ಎಂಬುದು ಅದರ ತಿರುಳು. 1953ರಲ್ಲಿ ಕರ್ನೂಲಿಗೆ ಬಂದ ರಾಜಧಾನಿ ಮೂರೇ ವರ್ಷಕ್ಕೆ ಹೈದರಾಬಾದಿಗೆ ಎದ್ದುಹೋಯಿತು.

2013ರ ಜುಲೈ 30ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ತೆಲಂಗಾಣಕ್ಕೆ ಒಪ್ಪಿಗೆ ಕೊಟ್ಟಾಗ, ಹೈದರಾಬಾದಿನ ಉದ್ಯೋಗವೂ ಕೃಷ್ಣೆಯ ನೀರೂ ಕೈತಪ್ಪುತ್ತವೆಂಬ ಭಯದಿಂದ, ಈ ಎರಡೂ ಊರುಗಳಿದ್ದ ಅನಂತಪುರ ಜಿಲ್ಲೆ ಸಮೈಕ್ಯಾಂಧ್ರ, ಅಂದರೆ ಅಖಂಡ ಆಂಧ್ರದ ಚಳವಳಿಯ ಮುಂಚೂಣಿಗೆ ಬಂತು. ಆಗಸ್ಟ್ ಮಧ್ಯದಿಂದ ಸುಮಾರು ಎರಡು ತಿಂಗಳು ಸರ್ಕಾರಿ ನೌಕರರು ಮುಷ್ಕರ ಹೂಡಿದರು, ಆರ್‌ಟಿಸಿ ಬಸ್ಸುಗಳು ಡಿಪೋ ಬಿಟ್ಟು ಕದಲಲಿಲ್ಲ. ಹಾಗಿದ್ದೂ ರಾಜ್ಯ ಒಡೆಯಿತು. ಅತ್ತ ಅರಬ್ ನಾಡಿನಲ್ಲಿ, ಅದೇ 2013ರ ಜುಲೈನಲ್ಲಿ ಈಜಿಪ್ಟಿನ ಸೇನೆ, ಬೀದಿಗಿಳಿದ ಜನರ ಹೆಸರಿನಲ್ಲಿ, ಚುನಾಯಿತ ಅಧ್ಯಕ್ಷ ಮೊಹಮದ್ ಮುರ್ಸಿಯನ್ನು ಕೆಳಗಿಳಿಸಿತ್ತು. ಇಲ್ಲಿ ಸಿಟ್ಟು ತೀರಿದ್ದು ಮತಯಂತ್ರದಲ್ಲಿ: 2014ರಲ್ಲಿ ಉಳಿದ ಆಂಧ್ರದ 175 ವಿಧಾನಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಅರಬ್ ನಾಡು ಮತ್ತು ರಾಯಲಸೀಮೆಗಳ ಹೋಲಿಕೆಗೆ ಇರುವ ದೊಡ್ಡ ಮಿತಿಯೂ ಇದೇ.

ಮಾತು ಕೊಟ್ಟ ನೆರವು ಜಿಲ್ಲೆಗೆ ವರ್ಷಕ್ಕೆ 50 ಕೋಟಿ ರೂಪಾಯಿಯ ಲೆಕ್ಕದಲ್ಲಿ ಬಂತು; ಕೇರಳದ ಅರ್ಧದಷ್ಟು ವಿಸ್ತಾರವಿದ್ದ ಅಂದಿನ ಅನಂತಪುರ ಜಿಲ್ಲೆಗೆ ಅದು ಯಾವ ಮೂಲೆಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೂಪುರದ ಭಾಗದಲ್ಲಿ ಬದಲಾವಣೆ ತಂದದ್ದು ಬೇರೆಯೇ ಸಂಗತಿ. 2017ರ ಒಪ್ಪಂದದಂತೆ ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ ಎದ್ದ ಕಿಯಾ ಕಾರು ಕಾರ್ಖಾನೆ, ವರ್ಷಕ್ಕೆ 3 ಲಕ್ಷ ಕಾರುಗಳ ಸಾಮರ್ಥ್ಯದೊಂದಿಗೆ 2019ರಲ್ಲಿ ಉತ್ಪಾದನೆ ಆರಂಭಿಸಿತು. ಬೆಂಗಳೂರಿನ ಹೆದ್ದಾರಿ ಪಕ್ಕದಲ್ಲೇ ಇದ್ದುದು ಒಂದು ಅನುಕೂಲ. ಅದಕ್ಕಿಂತ ಮಿಗಿಲಾದದ್ದು, ಶ್ರೀಶೈಲ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯನ್ನು ಮೇಲೆತ್ತಿ ತರುವ ಹಂದ್ರಿ ನೀವಾ ಕಾಲುವೆ ಹತ್ತಿರದ ಗೊಲ್ಲಪಲ್ಲಿ ಜಲಾಶಯವನ್ನು ತುಂಬಿಸಿದ್ದು. ನೀರು ಮುಟ್ಟಿದ ಕಡೆಗೆ ಬಂಡವಾಳ ಬಂತು.

ಕಲ್ಯಾಣದುರ್ಗಕ್ಕೆ ಆ ಅದೃಷ್ಟವಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕಡಲೆಕಾಯಿಯನ್ನೇ ನಂಬಿದ ಖುಷ್ಕಿ ರೈತ, ಒಂದು ಮಳೆ ತಪ್ಪಿದರೆ ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಟುನೀಸಿಯದ ಯುವಕರು ದೋಣಿ ಹತ್ತಿ ಇಟಲಿಯತ್ತ ಹೊರಡುವುದೂ ಇಂಥದೇ ಗುಳೆ. ವೇದಾವತಿಗೆ ಅಡ್ಡಲಾಗಿರುವ ಭೈರವಾನಿತಿಪ್ಪ ಜಲಾಶಯ ತುಂಬುವುದೇ ಅಪರೂಪ; ಅದಕ್ಕೆ ಕೃಷ್ಣಾ ನೀರು ಹರಿಸುವ ಯೋಜನೆ ವರ್ಷಗಳಿಂದ ಕುಂಟುತ್ತಿದೆ.

ಟುನೀಸಿಯದಲ್ಲಿ ಅಧ್ಯಕ್ಷ ಕೈಸ್ ಸಯೀದ್ 2021ರಲ್ಲಿ ಸಂಸತ್ತನ್ನು ಅಮಾನತಿನಲ್ಲಿಟ್ಟು, ಮರುವರ್ಷ 2014ರ ಸಂವಿಧಾನವನ್ನೇ ಬದಲಿಸಿದಾಗ ಬಹಳಷ್ಟು ಜನ ಸುಮ್ಮನಿದ್ದರು. ಹೊಟ್ಟೆಪಾಡು ಸುಧಾರಿಸದ ಪ್ರಜಾಪ್ರಭುತ್ವವನ್ನು ಉಳಿಸಿಕೊಳ್ಳುವ ಹಂಬಲ ಅಷ್ಟರಲ್ಲಿ ಬತ್ತಿತ್ತು. ರಾಯಲಸೀಮೆಯಲ್ಲಿ ಅಸಮಾಧಾನ ಅಂಥ ತಿರುವು ಪಡೆಯದೆ ಸಣ್ಣ ಸಣ್ಣ ಬೇಡಿಕೆಗಳಾಗಿ ಒಡೆದಿದೆ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾದಾಗ ತನಗೆ ಬೇಕೆಂದು ಹಿಂದೂಪುರ ಹೋರಾಡಿದ ಜಿಲ್ಲಾಕೇಂದ್ರ ಪುಟ್ಟಪರ್ತಿಗೆ ಹೋಯಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. 2013ರಲ್ಲಿ ಜೊತೆಯಾಗಿ ಬೀದಿಗಿಳಿದಿದ್ದ ಊರುಗಳು ಈಗ ಎರಡು ಜಿಲ್ಲೆಗಳಲ್ಲಿ, ಒಂದೇ ಕೃಷ್ಣಾ ನೀರಿನ ಪಾಲಿಗಾಗಿ ಬೇರೆ ಬೇರೆಯಾಗಿ ಅರ್ಜಿ ಹಿಡಿದು ನಿಲ್ಲಬೇಕಾಗಿದೆ.